ಕಿಟಕಿಗೆ ಅಂಟಿಸಿದ ವಾಕ್ಯ

ನನ್ನ ಕೆಲಸವೇ ಅನುಮಾನಪಡುವುದು. ಹೀಗೆಂದರೆ ಜನ ನಗುತ್ತಾರೆ, ನಗಲಿ. ನಮ್ಮ ಲಾಂಡ್ರಿಯ ಹಿಂಬಾಗಿಲಿಗೆ ದಿನಾ ಬೆಳಗ್ಗೆ ಆಸ್ಪತ್ರೆಗಳಿಂದ, ಹೋಟೆಲುಗಳಿಂದ ಕೊಳೆ ಬಟ್ಟೆಯ ಗಂಟುಗಳು ಬಂದು ಬೀಳುತ್ತವೆ. ಅವನ್ನು ಬಿಚ್ಚಿ, ಹಾಸು ಬೇರೆ, ಹೊದಿಕೆ ಬೇರೆ, ಟವೆಲು ಬೇರೆ ಮಾಡಿ, ಯಾವ ಕಲೆ ಯಾವ ನೀರಿಗೆ ಹೋಗಬೇಕೆಂದು ಹೇಳುವವಳು ನಾನು. ಹದಿನಾರು ವರ್ಷದಿಂದ ಅದೇ ಮೇಜು. ಇದು ಕಾಫಿ, ಇದು ರಕ್ತ, ಇದು ಕಾಫಿ ಚೆಲ್ಲಿದವರು ಸೋಪು ತಿಕ್ಕಿ ಮುಚ್ಚಿಹಾಕಲು ನೋಡಿದ್ದು ಎಂದು ಕಂಡ ಕೂಡಲೇ ಹೇಳಬಲ್ಲೆ. ಖಾತ್ರಿಯಿಲ್ಲದ ಗಂಟಿಗೆ ಕೆಂಪು ದಾರ ಕಟ್ಟುತ್ತೇನೆ. ಕೆಂಪು ದಾರವೆಂದರೆ ಇನ್ನೊಮ್ಮೆ ಬಿಚ್ಚಿ ನೋಡಿ ಎಂದರ್ಥ. ಬೆನ್ನ ಹಿಂದೆ ಎಲ್ಲರೂ ನನ್ನನ್ನು ಅನುಮಾನದಕ್ಕ ಎನ್ನುತ್ತಾರೆ. ಬೆನ್ನ ಹಿಂದೆ ಎನ್ನುವುದು ಅವರ ಎಣಿಕೆ, ನನಗೆ ಎಲ್ಲವೂ ಕೇಳಿಸುತ್ತದೆ.

ಮುಷ್ಕರ ಶುರುವಾದದ್ದು ನನ್ನ ನಾದಿನಿಯ ಕೈಯಿಂದ. ನನ್ನ ಗಂಡನ ತಂಗಿ ಅವಳು, ನಮ್ಮ ಮನೆಯಲ್ಲೇ ಇರುವವಳು. ಲಾಂಡ್ರಿಗೆ ಸೇರಿಸಿದವಳೂ ನಾನೇ. ಒದ್ದೆ ಹಾಸುಗಳನ್ನು ಬಿಸಿ ರೋಲರಿನ ಬಾಯಿಗೆ ಕೊಡುವ ಜಾಗದಲ್ಲಿ ನಿಲ್ಲುತ್ತಿದ್ದಳು. ಕೆಲಸ ಬೇಗ ಸಾಗಲೆಂದು ರೋಲರಿನ ಮುಂದಿದ್ದ ತಡೆಕಂಬಿಯನ್ನು ಕಂಪನಿಯವರು ಬಿಚ್ಚಿಸಿದ್ದರು. ಒಂದು ದಿನ ಹಾಸಿನ ಜೊತೆ ಅವಳ ಬಲಗೈಯೂ ಒಳಗೆ ಹೋಯಿತು. ಮೂರು ಬೆರಳು ಉಳಿಯಲಿಲ್ಲ. ಆಸ್ಪತ್ರೆಯಲ್ಲಿ ಅವಳಿಗೆ ಇನ್ನೂ ಸರಿಯಾಗಿ ಎಚ್ಚರವಾಗುವ ಮೊದಲೇ ಕಂಪನಿಯವರು ಬಂದು ಒಂದು ಇಂಗ್ಲಿಷ್ ಕಾಗದಕ್ಕೆ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದರು. ನಾನು ಪಕ್ಕದಲ್ಲೇ ಇದ್ದೆ. ಔಷಧಿಯ ಕಾಗದ ಅಂದರು, ನಂಬಿದೆ. ತಪ್ಪು ತನ್ನದೇ, ಕೆಲಸವನ್ನು ತಾನಾಗಿ ಬಿಡುತ್ತಿದ್ದೇನೆ ಎಂದು ಅದರಲ್ಲಿ ಬರೆದಿತ್ತಂತೆ. ಜನ್ಮದಲ್ಲಿ ಒಂದೇ ಸಲ ಅನುಮಾನಪಡದೆ ಇದ್ದೆ, ಅದೂ ಆ ದಿನವೇ ಆಗಬೇಕೇ.

ಅರವತ್ತೆರಡು ಜನ ಕೆಲಸ ಬಿಟ್ಟು ಹೊರಗೆ ಬಂದೆವು. ತಡೆಕಂಬಿ ಮತ್ತೆ ಹಾಕಬೇಕು, ಮಧ್ಯಾಹ್ನ ಅರ್ಧ ಗಂಟೆ ಕೂರಲು ಬಿಡಬೇಕು, ನನ್ನ ನಾದಿನಿಯನ್ನು ವಾಪಸು ಕರೆದು ಅವಳ ಕೈಗೆ ಆಗುವ ಕೆಲಸ ಕೊಡಬೇಕು. ಮೊದಲ ಎರಡಕ್ಕೆ ಕಂಪನಿ ಹೂಂ ಎನ್ನುವ ಹಾಗಿತ್ತು. ಮೂರನೆಯದಕ್ಕೆ ಮಾತ್ರ ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಅವಳನ್ನು ಒಳಗೆ ಬಿಟ್ಟರೆ ಆ ಹೆಬ್ಬೆಟ್ಟಿನ ಕಾಗದ ಸುಳ್ಳೆಂದು ತಾವೇ ಒಪ್ಪಿಕೊಂಡ ಹಾಗಾಗುತ್ತಿತ್ತು.

ಇನ್ನು ಮೇಲೆ ಓದದೆ ಯಾವ ಕಾಗದವನ್ನೂ ಮುಟ್ಟುವುದಿಲ್ಲ ಎಂದು ಹೆಂಗಸರು ಪಟ್ಟು ಹಿಡಿದದ್ದರಿಂದ ಇಂಗ್ಲಿಷ್ ಪಾಠ ಶುರುವಾಯಿತು. ಸೈಕಲ್ ರಿಪೇರಿ ಅಂಗಡಿಯ ಮೇಲೆ ಸಂಘದ ಕೋಣೆ. ಕಿಟಕಿ ದೊಡ್ಡ ರಸ್ತೆಯ ಸಿಗ್ನಲ್ಲಿನ ಕಡೆಗೆ, ಮೆಟ್ಟಿಲು ಹಿಂದಿನ ಓಣಿಗೆ. ಕಲಿಸಲು ಬಂದವರು ಕೋರ್ಟಿನಲ್ಲಿ ಟೈಪಿಸ್ಟ್ ಆಗಿ ನಿವೃತ್ತರಾದ ಒಬ್ಬ ಮೇಷ್ಟ್ರು. ಪುಸ್ತಕ ಬೇಡ, ಪತ್ರಿಕೆ ಸಾಕು ಅಂದರು. ಇಂಗ್ಲಿಷ್ ಪತ್ರಿಕೆಯಲ್ಲಿ ನಮ್ಮ ಮುಷ್ಕರದ ಸುದ್ದಿ ಎರಡು ದಿನಕ್ಕೊಮ್ಮೆ ಅಂಗೈಯಗಲ ಬರುತ್ತಿತ್ತು. ಅದನ್ನೇ ಕತ್ತರಿಸಿ ತಂದು, ನಮ್ಮ ಕಥೆಯನ್ನೇ ನಮಗೆ ಒಂದೊಂದು ಪದವಾಗಿ ಬಿಡಿಸಿ ಹೇಳುತ್ತಿದ್ದರು. ಡಿಮ್ಯಾಂಡ್ ಅಂದರೆ ಬೇಡಿಕೆ. ಡಿಸ್ಮಿಸ್ ಅಂದರೆ ಕೆಲಸದಿಂದ ತೆಗೆಯುವುದು. ಒಂದು ದಿನ ಅಲೆಜ್ಡ್ ಎಂಬ ಪದ ಬಂತು. ಅಲೆಜ್ಡ್ ಅಪಘಾತ. ಅಂದರೆ ಆಯಿತು ಎನ್ನಲಾದ ಅಪಘಾತ ಎಂದರು ಮೇಷ್ಟ್ರು.

ನನಗೆ ಮೈಯೆಲ್ಲ ಉರಿಯಿತು. ಮೂರು ಬೆರಳು ಹೋಗಿವೆ, ಎನ್ನಲಾದ ಅಂದರೆ ಏನು? ನೋಡಿ ಬರಲು ಅವರಿಗೇನು ಕಣ್ಣಿರಲಿಲ್ಲವೇ? ಪತ್ರಿಕೆಯವರು ಎಲ್ಲದಕ್ಕೂ ಹಾಗೇ ಬರೆಯುತ್ತಾರಮ್ಮ ಎಂದು ಮೇಷ್ಟ್ರು ಸಮಾಧಾನ ಹೇಳಿದರು. ಆದರೆ ಒಂದು ಮಾತು, ನನ್ನಂಥವಳಿಗೆ ಹೇಳಿ ಮಾಡಿಸಿದ ಪದ ಅದು. ಅವತ್ತಿನಿಂದ ಮನಸ್ಸಿನಲ್ಲೇ ಎಲ್ಲರಿಗೂ ಅಂಟಿಸತೊಡಗಿದೆ. ನಮ್ಮ ಬೆಂಬಲಿಗ ಎನ್ನಲಾದ ಅಂಗಡಿಯವನು. ಹೊಟ್ಟೆನೋವು ಎನ್ನಲಾದ ಕಾರಣಕ್ಕೆ ಗೇಟಿಗೆ ಬಾರದ ಡ್ರೈಯರ್‌ನವಳು. ಮೇಷ್ಟ್ರು ಎನ್ನಲಾದ ಮೇಷ್ಟ್ರು.

ಮೇಷ್ಟ್ರ ಮೇಲೆ ನನಗೆ ಮೊದಲ ದಿನದಿಂದಲೇ ಗುಮಾನಿ. ಫೀಸು ಬೇಡವಂತೆ. ಯಾರಾದರೂ ಬಿಸಿಲಲ್ಲಿ ನಡೆದು ಬಂದು ಪುಕ್ಕಟೆ ಗಂಟಲು ಹರಿದುಕೊಳ್ಳುತ್ತಾರೆಯೇ? ಹೊತ್ತು ಹೋಗುವುದಿಲ್ಲ, ಅದಕ್ಕೆ ಬರುತ್ತೇನೆ ಅಂದರು. ಹೊತ್ತು ಹೋಗದವರು ಉದ್ಯಾನದಲ್ಲಿ ಕೂರುತ್ತಾರೆ, ಮುಷ್ಕರದ ಕೋಣೆಗೆ ಬರುವುದಿಲ್ಲ. ಸಾಲದ್ದಕ್ಕೆ ನಮ್ಮ ನೋಟ್‌ಬುಕ್‌ಗಳನ್ನು ತಿದ್ದಲೆಂದು ಮನೆಗೆ ಒಯ್ಯುತ್ತಿದ್ದರು. ಹೊಸ ಪದ ಕಲಿತ ದಿನ ಅದನ್ನಿಟ್ಟು ಒಂದು ಸ್ವಂತ ವಾಕ್ಯ ಬರೆಯಬೇಕು. ಮರುದಿನ ಬೆಳಗ್ಗೆ, ತಪ್ಪಿಲ್ಲದ ಒಂದು ವಾಕ್ಯಕ್ಕೆ ಅವರ ಕೆಂಪು ಶಾಯಿಯ ನಕ್ಷತ್ರ. ಆ ವಾಕ್ಯವನ್ನು ನನ್ನ ನಾದಿನಿ ದೊಡ್ಡ ಹಾಳೆಯಲ್ಲಿ ದಪ್ಪಕ್ಷರದಲ್ಲಿ ಬರೆದು ಕಿಟಕಿಯ ಗಾಜಿಗೆ ರಸ್ತೆಯ ಕಡೆ ಮುಖಮಾಡಿ ಅಂಟಿಸುತ್ತಿದ್ದಳು. ಲಾಂಡ್ರಿಯ ಮುಂದಿನ ಗೇಟಿನಲ್ಲಿ ನಿಲ್ಲುವ ಹೆಂಗಸರು ದೊಡ್ಡ ರಸ್ತೆಯಲ್ಲಿ ಬರುತ್ತಾ ಹೋಗುತ್ತಾ ಓದಿ ಅಭ್ಯಾಸ ಮಾಡಿಕೊಳ್ಳಲಿ ಎಂದು. ನಾವೂ ಇಂಗ್ಲಿಷ್ ಬರೆಯುತ್ತೇವೆ, ಊರು ನೋಡಲಿ ಎಂಬ ಜಂಬವೂ ಇತ್ತೆನ್ನಿ.

ಆ ಕೆಲಸವನ್ನು ನಾದಿನಿಗೆ ವಹಿಸಿದ್ದು ಎಡಗೈಗೆ ಬರವಣಿಗೆ ಕೂರಲಿ ಎಂದು. ಮೊದಲ ವಾರ ಅಕ್ಷರಗಳು ಒಂದರ ಮೇಲೊಂದು ಬೀಳುತ್ತಿದ್ದವು. ಆಮೇಲೆ ಎಷ್ಟು ದುಂಡಗಾದವೆಂದರೆ ನಮ್ಮ ಬಲಗೈಯವರಿಗೆ ನಾಚಿಕೆಯಾಗಬೇಕು. ನನಗೆ ಮಾತ್ರ ಒಮ್ಮೆಯೂ ನಕ್ಷತ್ರ ಸಿಗಲಿಲ್ಲ. ನಿಜವನ್ನು ಬರೆಯಲು ಹೋಗಿ ನನ್ನ ವಾಕ್ಯಗಳು ಉದ್ದವಾಗಿ ಕಾಲು ಮುರಿದುಕೊಳ್ಳುತ್ತಿದ್ದವು.

ಮೇಷ್ಟ್ರು ಒಂದು ದಿನ ಬೇಸತ್ತು ಹೇಳಿದರು. “ಉದಾಹರಣೆ ವಾಕ್ಯದಲ್ಲಿ ನಿಜ ಇರ್ಬೇಕಂತೇನೂ ಇಲ್ಲಮ್ಮ. ಜೋಡಣೆ ಸರಿ ಇದ್ರೆ ಆಯ್ತು. ಮೂವತ್ತು ವರ್ಷ ಕಂಡೋರ ಸುಳ್ಳನ್ನೆಲ್ಲ ಒಂದ್ ತಪ್ಪಿಲ್ದೆ ಟೈಪ್ ಮಾಡ್ದೋನು ನಾನು.”

ಎಲ್ಲರೂ ನಕ್ಕರು. ನಾನು ಮನಸ್ಸಿನಲ್ಲೇ ಒಂದು ಕೆಂಪು ದಾರ ಕಟ್ಟಿದೆ.

ಇಪ್ಪತ್ತಮೂರನೆಯ ದಿನ, ಸೋಮವಾರ ಬೆಳಗ್ಗೆ, ಪಾಠಕ್ಕೆ ಮೊದಲು ಅದೇ ಕೋಣೆಯಲ್ಲಿ ಸಂಘದ ಸಮಿತಿ ಕೂತಿತು. ನಾನೂ ಸೇರಿ ಐದು ಜನ. ನಮ್ಮ ಕಾರ್ಯದರ್ಶಿ ಬಾಯ್ಲರ್ ನೋಡಿಕೊಳ್ಳುವವನು, ಇಪ್ಪತ್ತು ವರ್ಷ ಬೆಂಕಿಯ ಮುಂದೆ ನಿಂತರೂ ಮಾತು ತಣ್ಣಗೆ. ಮನೆಗಳಲ್ಲಿ ಒಲೆ ಉರಿಯುವುದು ಕಷ್ಟವಾಗಿದೆ, ಶುಕ್ರವಾರದವರೆಗೆ ನೋಡೋಣ, ಅಷ್ಟರೊಳಗೆ ಕಂಪನಿ ಬಗ್ಗದಿದ್ದರೆ ಮೂರನೆಯ ಬೇಡಿಕೆ ಬಿಟ್ಟು ಉಳಿದೆರಡರ ಮೇಲೆ ಒಳಗೆ ಹೋಗೋಣ ಅಂದ. ಅಲ್ಲಿಯವರೆಗೆ ಈ ವಿಷಯ ಗುಟ್ಟಾಗಿರಲಿ, ಹೊರಗೆ ಬಿದ್ದರೆ ಕಂಪನಿ ಕೈಕಟ್ಟಿ ಕೂತು ಶುಕ್ರವಾರವನ್ನೇ ಕಾಯುತ್ತದೆ. ಯಾರೂ ನನ್ನ ಮುಖ ನೋಡಲಿಲ್ಲ. ಕೈ ಎತ್ತಿ ಅಂದಾಗ ನಾಲ್ಕು ಕೈ ಎದ್ದವು. ನನ್ನದು ಕೊನೆಗೆ ಎದ್ದಿತು. ಆದರೆ ಎದ್ದಿತು. ಅರವತ್ತೊಂದು ಮನೆ ಒಂದು ಕಡೆ, ನನ್ನದೊಂದು ಮನೆ ಇನ್ನೊಂದು ಕಡೆ, ಇನ್ನೇನು ಮಾಡಲಿ ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡಷ್ಟೂ ಅದು ಸೋಪು ತಿಕ್ಕಿದ ಕಲೆಯ ಹಾಗೆ ಹರಡಿತು.

ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಮೇಷ್ಟ್ರು ಕೂತಿದ್ದರು. ಅವತ್ತು ಹತ್ತು ನಿಮಿಷ ಮೊದಲೇ ಬಂದಿದ್ದರು. ಒಳಗೆ ಸಭೆ ನಡೆಯುತ್ತಿತ್ತು, ಅದಕ್ಕೇ ಇಲ್ಲಿ ಕೂತೆ ಅಂದರು.

ಅವತ್ತಿನ ಪದ ರೆಸ್ಯೂಮ್, ಬಿಟ್ಟ ಕೆಲಸವನ್ನು ಮತ್ತೆ ಶುರುಮಾಡುವುದು. ನಾದಿನಿ ಕಿಟಕಿಯ ಪಕ್ಕ ಕೂತು ತನ್ನ ನೋಟ್‌ಬುಕ್ಕಿನಲ್ಲಿ ಮಗ್ನಳಾಗಿದ್ದಳು. ನನಗೆ ಅವಳ ಬೆನ್ನು ಕಾಣುತ್ತಿತ್ತು. ಎದೆಯಲ್ಲಿದ್ದದ್ದನ್ನು ಎಲ್ಲಾದರೂ ಇಳಿಸದೆ ಉಸಿರಾಡುವುದು ಆಗುತ್ತಿರಲಿಲ್ಲ. ಕನ್ನಡದಲ್ಲಿ ಬಾಯಿ ಬಿಡುವ ಹಾಗಿಲ್ಲ. ಇಂಗ್ಲಿಷಿನಲ್ಲಿ ಬರೆದುಬಿಟ್ಟೆ: ಶುಕ್ರವಾರ ನಾವು ನಾದಿನಿಯನ್ನು ಬಿಟ್ಟು ಕೆಲಸ ರೆಸ್ಯೂಮ್ ಮಾಡುತ್ತೇವೆ. ಇಂಗ್ಲಿಷಿನಲ್ಲಿ ನಾದಿನಿಗೂ ಅತ್ತಿಗೆಗೂ ಓರಗಿತ್ತಿಗೂ ಒಂದೇ ಪದವಂತೆ, ಸಿಸ್ಟರ್-ಇನ್-ಲಾ, ಅದಕ್ಕೂ ಬಾಲವಾಗಿ ಲಾ ಎಂಬ ಕಾನೂನು. ಬರೆದ ಮೇಲೆ ಎಷ್ಟೋ ಹಗುರವಾಯಿತು. ಇಷ್ಟು ವರ್ಷ ಇಂಗ್ಲಿಷ್ ನಮಗೆ ಬೀಗ ಹಾಕಿದ ಬೀರು. ಅದರೊಳಗೆ ಏನಿಟ್ಟರೂ ಭದ್ರ ಎನ್ನುವ ಭಾವನೆ ನನ್ನಲ್ಲಿ ಹೇಗೆ ಬೇರೂರಿತ್ತೋ ಕಾಣೆ. ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದ ಹಾಗೆ.

ಮಂಗಳವಾರ ನನಗೆ ಹಿಂದಿನ ಗೇಟಿನ ಸರದಿ, ಪಾಠಕ್ಕೆ ಹೋಗಲಿಲ್ಲ. ಬುಧವಾರ ಮೇಷ್ಟ್ರು ಹೊಸ ಸುದ್ದಿಯ ತುಂಡನ್ನು ಹಲಗೆಗೆ ಸಿಕ್ಕಿಸಿ ನನಗೇ ಓದಲು ಹೇಳಿದರು. ಇಟ್ ಈಸ್ ಲರ್ನ್ಟ್ ಎಂದು ಶುರು. ತಿಳಿದುಬಂದಿದೆ ಎಂದರ್ಥ, ಯಾರಿಂದ ಎಂದು ಹೇಳಬೇಕಾಗಿಲ್ಲದಾಗ ಪತ್ರಿಕೆಯವರು ಹಾಗೆ ಬರೆಯುತ್ತಾರೆ ಅಂದರು. ಅಕ್ಷರ ಕೂಡಿಸುತ್ತಾ ಹೋದೆ. ವಜಾಗೊಂಡ ಮಹಿಳೆಯನ್ನು ಬಿಟ್ಟು ಕಾರ್ಮಿಕರು ಶುಕ್ರವಾರ ಕೆಲಸ ಆರಂಭಿಸಲಿದ್ದಾರೆಂದು ತಿಳಿದುಬಂದಿದೆ. ಮಾತುಕತೆಯ ಅಗತ್ಯ ಕಾಣುವುದಿಲ್ಲ ಎಂದು ಕಂಪನಿ ಹೇಳಿದೆ. ಹಿಂದಿನ ಬೆಂಚಿನವಳು ಮೆಲ್ಲಗೆ ಇದು ನಿಜವಾ ಎಂದು ಕೇಳಿದಳು. ನಾದಿನಿ ತಲೆ ಎತ್ತಲಿಲ್ಲ. ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ಕಳ್ಳನ ನೋಟ ಎಂದುಕೊಂಡೆ.

ಗುಟ್ಟು ಗೊತ್ತಿದ್ದದ್ದು ಐದು ಜನಕ್ಕೆ. ಮೆಟ್ಟಿಲ ಮೇಲಿದ್ದವರನ್ನು ಸೇರಿಸಿದರೆ ಆರು. ಕಾರ್ಯದರ್ಶಿ ಬಾಗಿಲಲ್ಲಿ ನಿಂತು ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ನೋಡುತ್ತಿದ್ದ. ನಾನು ಎದ್ದು ನಿಂತೆ.

“ಮೇಷ್ಟ್ರೇ, ಸೋಮವಾರ ಮೆಟ್ಲ ಮೇಲೆ ಕೂತು ಏನೇನ್ ಕೇಳಿಸ್ಕೊಂಡ್ರಿ? ಯಾರಿಗ್ ಹೋಗಿ ಹೇಳಿದ್ರಿ?”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಸಿಟ್ಟು ಬರಲಿಲ್ಲ, ಅದರಿಂದ ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು. ಫೀಸಿಲ್ಲದ್ದು, ನೋಟ್‌ಬುಕ್ ಒಯ್ಯುವುದು, ಕಂಡವರ ಸುಳ್ಳು ಟೈಪ್ ಮಾಡಿದ್ದು, ಎಲ್ಲವನ್ನೂ ಒಂದೊಂದಾಗಿ ಹೊರಗೆ ಹಾಕಿದೆ. ಯಾರೂ ನನ್ನನ್ನು ತಡೆಯಲಿಲ್ಲ. ಅವರು ಚೀಲಕ್ಕೆ ಪೆನ್ನು, ಪತ್ರಿಕೆ ಹಾಕಿಕೊಂಡು, ಮೇಜಿನ ಮೇಲಿದ್ದ ನನ್ನ ನೋಟ್‌ಬುಕ್ಕನ್ನು ನನ್ನ ಕಡೆಗೆ ಸರಿಸಿದರು.

“ಸೋಮವಾರದ ಪುಟ ಒಂದ್ಸಲ ತೆಗ್ದು ನೋಡಿಮ್ಮ” ಎಂದಷ್ಟೇ ಹೇಳಿ ಇಳಿದು ಹೋದರು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಕಂಡಿದ್ದೇನೆ. ಇವರು ನನ್ನ ಹೆಗಲನ್ನೇ ಮುಟ್ಟಿ ನೋಡು ಅನ್ನುತ್ತಿದ್ದಾರಲ್ಲ ಎಂದು ರೇಗಿ ನೋಟ್‌ಬುಕ್ಕನ್ನು ತೆರೆಯದೆ ಚೀಲಕ್ಕೆ ತುರುಕಿದೆ.

ಗುರುವಾರ ಬೆಳಗ್ಗೆ ಯಾರಿಗೂ ಹೇಳದೆ ದೊಡ್ಡ ರಸ್ತೆಯ ಆಚೆ ಬದಿಗೆ ಹೋಗಿ ಔಷಧಿ ಅಂಗಡಿಯ ಪಕ್ಕ ನಿಂತೆ. ಮೇಷ್ಟ್ರು ಆ ಹೊತ್ತಿಗೆ ಅಲ್ಲೇ ಬಸ್ಸು ಇಳಿಯುವುದು. ಬರುತ್ತಾರೋ, ಯಾರ ಜೊತೆ ಮಾತಾಡುತ್ತಾರೋ, ಕಣ್ಣಾರೆ ನೋಡಬೇಕಿತ್ತು. ಮುಷ್ಕರ ಶುರುವಾಗಿ ಇಪ್ಪತ್ತಾರು ದಿನ, ಒಮ್ಮೆಯೂ ನಾನು ಆ ಬದಿಗೆ ಹೋಗಿರಲಿಲ್ಲ. ನನ್ನದೆಲ್ಲ ಹಿಂದಿನ ಓಣಿಯ ಓಡಾಟ. ಮೂರು ಬಸ್ಸು ಬಂದವು, ಮೇಷ್ಟ್ರು ಇಳಿಯಲಿಲ್ಲ.

ಸಿಗ್ನಲ್ ಕೆಂಪಾಯಿತು. ಮುಂದೆ ಬಂದು ನಿಂತ ಕಾರು ಕಂಪನಿಯ ಮ್ಯಾನೇಜರನದು. ಹಿಂದಿನ ಸೀಟಿನಲ್ಲಿದ್ದ ಅವನು ಗಾಜು ಇಳಿಸಿ, ಕತ್ತು ಹೊರಗೆ ಹಾಕಿ, ದಿನಾ ಮಾಡುವ ಕೆಲಸವೆಂಬಂತೆ ಮೇಲೆ ನೋಡಿದ. ಪಕ್ಕದವನಿಗೆ ಬೆರಳು ಮಾಡಿ ತೋರಿಸಿ ಏನೋ ಅಂದ. ಇಬ್ಬರೂ ನಕ್ಕರು. ಅವನ ಬೆರಳು ತೋರಿಸಿದ ಕಡೆ ನಾನೂ ನೋಡಿದೆ.

ನಮ್ಮ ಕಿಟಕಿ. ನಾದಿನಿಯ ದುಂಡಕ್ಷರ, ಮಾರುದ್ದದ ಹಾಳೆ, ಬಸ್ಸಿನಲ್ಲಿ ಕೂತವರಿಗೂ ಕಾಣುವಷ್ಟು ದೊಡ್ಡದು. ಯಾರ ಸಹಾಯವೂ ಇಲ್ಲದೆ, ಒಂದೇ ಉಸಿರಿನಲ್ಲಿ ನಾನು ಪೂರ್ತಿ ಓದಿದ ಮೊದಲ ಇಂಗ್ಲಿಷ್ ವಾಕ್ಯ ಅದು. ಶುಕ್ರವಾರ ನಾವು ನಾದಿನಿಯನ್ನು ಬಿಟ್ಟು ಕೆಲಸ ರೆಸ್ಯೂಮ್ ಮಾಡುತ್ತೇವೆ.

ಚೀಲದಿಂದ ನೋಟ್‌ಬುಕ್ ತೆಗೆದೆ. ಸೋಮವಾರದ ಪುಟದಲ್ಲಿ ಕೆಂಪು ನಕ್ಷತ್ರ. ಚಿಕ್ಕದಾಗಿ, ತಪ್ಪಿಲ್ಲದ ವಾಕ್ಯ, ಒಳ್ಳೆಯ ಉದಾಹರಣೆ ಎಂದು ಬರೆದಿದ್ದರು. ಅವರಿಗೆ ಅದು ಉದಾಹರಣೆ. ಮೆಟ್ಟಿಲ ಮೇಲೆ ಕೂತವರಿಗೆ ಏನೂ ಕೇಳಿಸಿರಲಿಲ್ಲ. ಕೇಳಿಸಿದ್ದರೆ ಆ ವಾಕ್ಯಕ್ಕೆ ನಕ್ಷತ್ರ ಹಾಕುತ್ತಿದ್ದರೇ? ಪತ್ರಿಕೆಯಿಂದ ನಾವು ಪದ ಕಲಿಯುತ್ತಿದ್ದರೆ ಪತ್ರಿಕೆ ನಮ್ಮ ಕಿಟಕಿಯಿಂದ ಸುದ್ದಿ ಕಲಿತಿತ್ತು. ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದವರ ತಟ್ಟೆಯ ನೊಣ ತೋರಿಸಿದವಳು ನಾನು.

ಕೋಣೆಯಲ್ಲಿ ನಾದಿನಿ ಒಬ್ಬಳೇ ಇದ್ದಳು, ಹೊಸ ಹಾಳೆಯನ್ನು ಮೊಣಕೈಯಿಂದ ಒತ್ತಿ ಹಿಡಿದು ಗೆರೆ ಹಾಕುತ್ತಿದ್ದಳು. ಅಂಟಿನ ಡಬ್ಬಿ ಪಕ್ಕದಲ್ಲಿತ್ತು. ಅವಳ ಮೇಲೆ ನನಗೆ ಎಂದೂ ಅನುಮಾನ ಬಂದಿರಲಿಲ್ಲ. ಅಕ್ಷರದ ಆಕಾರ ನೋಡಿ ಬರೆಯುತ್ತಾಳೆ, ಅರ್ಥ ಅವಳಿಗೆಲ್ಲಿ ಗೊತ್ತಾಗಬೇಕು ಎಂದುಕೊಂಡಿದ್ದೆ.

“ಬರೀವಾಗ ಅದೇನಂತ ನಿಂಗೆ ಅರ್ಥ ಆಗ್ಲಿಲ್ವೇನೇ?” ಅಂದೆ.

“ಆಯ್ತು ಅತ್ತಿಗೆ. ದಿನಾ ಅಷ್ಟು ದಪ್ಪಕ್ಕೆ ಬರೀತೀನಲ್ಲ, ನಿಮ್ಗಿಂತ ಮುಂಚೆನೇ ಓದಕ್ಕೆ ಬಂತು.”

“ಗೊತ್ತಿದ್ದೂ ಅಂಟಿಸ್ದೆಯಾ?”

ಅವಳು ಗೆರೆ ಹಾಕುವುದನ್ನು ನಿಲ್ಲಿಸಲಿಲ್ಲ. “ಕೆಳಗೆ ಓಡಾಡೋ ನಮ್ಮ ಹೆಂಗಸ್ರು ಓದ್ಲಿ, ಓದಿ ನಿಮ್ಮನ್ನ ಕೇಳ್ಲಿ ಅಂತ ಅಂಟಿಸ್ದೆ. ನಂಗೆ ಕೇಳಕ್ಕೆ ಬಾಯಿ ಬರ್ಲಿಲ್ಲ. ಅವ್ರೆಲ್ಲ ಅಕ್ಷರ ಎಷ್ಟು ಚೆನ್ನಾಗಿದೆ ಅಂದ್ರು, ಒಬ್ರೂ ಓದ್ಲಿಲ್ಲ. ಬೇರೆಯೋರು ಓದ್ತಾರೆ ಅಂತ ನಂಗೂ ಹೊಳೀಲಿಲ್ಲ.”

ಬುಧವಾರ ಹೊಸ ವಾಕ್ಯ ಅಂಟಿಸಬೇಕಿತ್ತಲ್ಲ ಎಂದು ಕೇಳಿದೆ. ಬೇಕೆಂದೇ ನಿಮ್ಮದನ್ನು ಬಿಟ್ಟೆ ಅಂದಳು. ಆಮೇಲೆ ಮೊದಲ ಸಲ ಮುಖ ಎತ್ತಿದಳು.

“ಮಂಗಳವಾರ ಊಟಕ್ಕೆ ಕೂತಾಗಾದ್ರೂ ಹೇಳ್ತೀರ ಅಂತ ಕಾದೆ. ಉಪ್ಪು ಕಡ್ಮೆ ಆಯ್ತಾ ಅಂತ ಕೇಳಿದ್ರಿ.”

ನನಗೆ ಅಳು ಬಂತು. ಹದಿನಾರು ವರ್ಷ ಪರರ ಕೊಳೆ ನೋಡಿದವಳ ಕಣ್ಣಿಗೆ ಎದುರಿಗೇ ಕೂತು ಉಂಡವಳ ಮುಖ ಕಾಣಲಿಲ್ಲ. ತಪ್ಪಾಯಿತು ಎನ್ನುವ ಬದಲು ಅವಳ ಕೈಯಲ್ಲಿದ್ದ ಹಾಳೆಗೆ ಒಂದು ವಾಕ್ಯ ಹೇಳಿದೆ. ನಾದಿನಿಯನ್ನು ಬಿಟ್ಟು ನಾವು ಶುಕ್ರವಾರವಲ್ಲ, ಯಾವತ್ತೂ ಒಳಗೆ ಹೋಗುವುದಿಲ್ಲ. ಇಂಗ್ಲಿಷಿಗೆ ಅವಳೇ ತಿರುಗಿಸಿಕೊಂಡಳು. ಒಂದೊಂದು ಅಕ್ಷರವನ್ನೂ ತುಂಬಿ ಬರೆದು ಮುಗಿಸಿದಳು.

“ಇದು ನಿಜವಾ ಅತ್ತಿಗೆ, ಉದಾಹರಣೆಯಾ?”

“ಒಂದ್ ಗಂಟೆ ತಡಿ. ಸಮಿತಿಯೋರ್ನ ಕಂಡು ಬರ್ತೀನಿ, ಆಮೇಲೆ ಅಂಟಿಸು.”

“ತಡೆಯಲ್ಲ” ಅಂದಳು. “ನಾನ್ ಈಗ್ಲೇ ಅಂಟಿಸ್ತೀನಿ. ನೀವು ಹೋಗಿ ನಿಜ ಮಾಡ್ಕೊಂಡು ಬನ್ನಿ.”

ಹೋದೆ. ಗುಟ್ಟು ಬಯಲು ಮಾಡಿದವಳು ನಾನೇ ಎಂದು ಮೊದಲು ಒಪ್ಪಿಕೊಂಡೆ. ಕಾರ್ಯದರ್ಶಿ ಬಾಯ್ಲರಿನಷ್ಟು ಬಿಸಿಯಾಗಬಲ್ಲ ಎಂದು ಅವತ್ತು ಗೊತ್ತಾಯಿತು. ಬೈಸಿಕೊಂಡೆ. ಬೈದು ಮುಗಿದ ಮೇಲೆ, ಕಂಪನಿ ಬಾಗಿಲು ತೆರೆದು ನಗುತ್ತಾ ಕಾಯುತ್ತಿರುವಾಗ ನಾಳೆ ತಲೆ ತಗ್ಗಿಸಿ ಒಳಗೆ ಹೋಗುತ್ತೀರಾ ಎಂದು ಕೇಳಿದೆ. ಮತ್ತೆ ಕೈ ಎತ್ತಿಸಿದರು. ಈ ಸಲ ನನ್ನ ಕೈ ಮೊದಲು ಎದ್ದಿತು. ಒಳಗೆ ಹೋಗುವುದು ಬೇಡ ಎಂದು ಮೂರು ಕೈ, ಹೋಗೋಣ ಎಂದು ಎರಡು. ಶುಕ್ರವಾರ ಬೆಳಗ್ಗೆ ಗೇಟು ಹಾರು ಹೊಡೆದು ತೆರೆದಿತ್ತು, ಒಬ್ಬರೂ ಒಳಗೆ ಹೋಗಲಿಲ್ಲ. ಅದಾಗಿ ಹನ್ನೊಂದನೆಯ ದಿನ, ಹಾಸಿಲ್ಲದ ಆಸ್ಪತ್ರೆಗಳು ಗಲಾಟೆ ಎಬ್ಬಿಸಿದ ಮೇಲೆ, ಕಂಪನಿ ಕರೆಯಿತು. ಹೆಬ್ಬೆಟ್ಟಿನ ಕಾಗದವನ್ನು ನಮ್ಮೆದುರಿಗೇ ಹರಿದು ಹಾಕಿದರು. ಹರಿಯುವ ಮೊದಲು ನಾದಿನಿ ಅದನ್ನು ಇಸಿದುಕೊಂಡು ಕೊನೆಯ ಸಾಲಿನವರೆಗೂ ಓದಿದಳು.

ಮೇಷ್ಟ್ರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಕೂರಿ ಎನ್ನಲಿಲ್ಲ. ಒಂದು ವಾರ ಬಿಟ್ಟು ಪಾಠಕ್ಕೆ ಬಂದರು, ಆದರೆ ನಮ್ಮ ನೋಟ್‌ಬುಕ್‌ಗಳನ್ನು ಮನೆಗೆ ಒಯ್ಯುವುದನ್ನು ಬಿಟ್ಟರು. ಫೀಸು ಯಾಕೆ ಬೇಡವೆನ್ನುತ್ತಾರೋ ನನಗೆ ಇವತ್ತಿಗೂ ಗೊತ್ತಿಲ್ಲ, ಕೇಳುವ ಮುಖವೂ ನನಗಿಲ್ಲ.

ನಾದಿನಿ ಈಗ ನನ್ನ ಮೇಜಿನ ಆಚೆ ಬದಿಯಲ್ಲಿ ನಿಲ್ಲುತ್ತಾಳೆ. ಎಡಗೈಯಿಂದಲೇ ಗಂಟು ಬಿಚ್ಚುತ್ತಾಳೆ, ಹಲ್ಲಿನಲ್ಲಿ ಕಚ್ಚಿ ದಾರ ಕಟ್ಟುತ್ತಾಳೆ. ನಗುತ್ತಾ ಮಾತಾಡುತ್ತಾಳೆ, ಅತ್ತಿಗೆ ಎಂದೇ ಕರೆಯುತ್ತಾಳೆ. ಪಾಠದ ದಿನ ಮಾತ್ರ, ಮೇಷ್ಟ್ರಿಗೆ ಕೊಡುವ ಮೊದಲು ನನ್ನ ನೋಟ್‌ಬುಕ್ಕನ್ನು ಎಳೆದುಕೊಂಡು ನಾನು ಬರೆದದ್ದನ್ನೆಲ್ಲ ಒಂದು ಸಾಲೂ ಬಿಡದೆ ಓದುತ್ತಾಳೆ. ಓದಿ ವಾಪಸು ಕೊಡುತ್ತಾಳೆ. ನಾನು ಬೇಡವೆನ್ನುವುದಿಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಹಾಗೇ ಮಾಡುತ್ತಿದ್ದೆ.